ಮಾನವಿಕ ವಿಷಯಗಳಲ್ಲಿ ಮೇಜರ್ ಆರಿಸುವುದು ಹೇಗೆ? ಕೆಲಸದ ಕಡೆಯಿಂದ ಹಿಂದಕ್ಕೆ ನಡೆದು ನೋಡಿ

"ಇತಿಹಾಸ ತಗೊಂಡರೆ ಏನು ಕೆಲಸ ಸಿಗುತ್ತದೆ?" "ಸಾಹಿತ್ಯ ಇಷ್ಟ, ಆದರೆ ಮನೆಯವರು ಹೊಟ್ಟೆಪಾಡಿನ ಮಾತೆತ್ತುತ್ತಾರೆ, ಏನು ಹೇಳಲಿ?" "ತತ್ವಶಾಸ್ತ್ರ ಓದಿದವರು ಕೊನೆಗೆ ಏನಾಗುತ್ತಾರೆ?" ಪ್ರವೇಶದ ದಿನಗಳು ಹತ್ತಿರವಾದಂತೆ ಇವೇ ಮೂರು ಪ್ರಶ್ನೆಗಳು ವೇಷ ಬದಲಿಸಿಕೊಂಡು ಬರುತ್ತವೆ. ಸಿಗುವ ಉತ್ತರಗಳೂ ಎರಡೇ ಬಗೆಯವು. ಒಂದು, "ಇಷ್ಟವಾದದ್ದನ್ನು ಓದು, ಮಿಕ್ಕಿದ್ದು ತಾನಾಗಿ ಆಗುತ್ತದೆ" ಎಂಬ ಹಿತವಚನ. ಇನ್ನೊಂದು, "ಅದನ್ನು ಓದಿ ಏನು ಮಾಡ್ತೀಯ?" ಎಂದು ಹುಬ್ಬೇರಿಸುವುದು. ಎರಡರಲ್ಲಿ ಯಾವುದನ್ನು ನಂಬಿಕೊಂಡೂ ಅರ್ಜಿ ತುಂಬಲಾಗದು.

ಯಾವ ವಿಷಯಕ್ಕೆ ಕೆಲಸ ಇದೆ ಎಂದು ಕೇಳುತ್ತಾ ಕೂತರೆ ಉತ್ತರ ಅಡ್ಡಗೋಡೆಯ ಮೇಲಿನ ದೀಪವೇ. ಈ ವಿಭಾಗ ಮೂರು-ನಾಲ್ಕು ವರ್ಷ ನನ್ನ ಕೈಯಿಂದ ಏನು ಮಾಡಿಸುತ್ತದೆ, ಕೊನೆಗೆ ತೋರಿಸಲು ನನ್ನ ಬಳಿ ಏನು ಉಳಿಯುತ್ತದೆ ಎಂದು ಕೇಳಿ. ಅದಕ್ಕೆ ಖಚಿತ ಉತ್ತರ ಸಿಗುತ್ತದೆ. ಕೆಳಗಿನ ಹಂತಗಳೆಲ್ಲ ಆ ಉತ್ತರವನ್ನು ಹುಡುಕುವುದಕ್ಕೇ ಇವೆ.

ಮೊದಲು ಬೇಕಾದವು

ಒಂದು ನೋಟ್‌ಬುಕ್, ನಿಮ್ಮ ಮನಸ್ಸಿನಲ್ಲಿರುವ ಎರಡು-ಮೂರು ವಿಭಾಗಗಳ ಪೂರ್ತಿ ಪಠ್ಯಕ್ರಮ (ಬಣ್ಣದ ಕರಪತ್ರ ಸಾಲದು), ಇಪ್ಪತ್ತು ಉದ್ಯೋಗ ಜಾಹೀರಾತುಗಳು, ಮತ್ತು ಎರಡು ವಾರ ಸಮಯ.

ಕೆಲವು ಪದಗಳ ಅರ್ಥ ತಿಳಿದುಕೊಂಡು ಮುಂದೆ ಹೋಗೋಣ. ಪದವಿಯಲ್ಲಿ ನೀವು ಅತಿ ಹೆಚ್ಚು ಓದುವ ವಿಷಯ ಮೇಜರ್; ಅದರ ಜೊತೆಗೆ ಕಡಿಮೆ ಪ್ರಮಾಣದಲ್ಲಿ, ಆದರೆ ಕ್ರಮಬದ್ಧವಾಗಿ ಓದುವುದು ಮೈನರ್. ನೀವೇ ಆರಿಸಿಕೊಳ್ಳಬಹುದಾದ ಬಿಡಿ ಪತ್ರಿಕೆ (ಅಂದರೆ ಒಂದು ಕೋರ್ಸ್) ಎಲೆಕ್ಟಿವ್. ಒಂದು ಪತ್ರಿಕೆ ಪದವಿಯಲ್ಲಿ ಎಷ್ಟು ತೂಗುತ್ತದೆ ಎಂದು ಹೇಳುವ ಅಂಕೆ ಕ್ರೆಡಿಟ್. ನೀವು ಮಾಡಿದ ಕೆಲಸದ ಮಾದರಿಗಳನ್ನು ಜೋಡಿಸಿಟ್ಟ ಕಡತ ಪೋರ್ಟ್‌ಫೋಲಿಯೊ.

ಹಂತ 1: ವಿಷಯದ ಹೆಸರನ್ನೂ ಹುದ್ದೆಯ ಹೆಸರನ್ನೂ ಬೇರೆ ಮಾಡಿ

ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಜಗತ್ತಿನ ಉದ್ಯೋಗಗಳನ್ನೆಲ್ಲ ವರ್ಗೀಕರಿಸಿ ಒಂದು ಪಟ್ಟಿ ಮಾಡಿದೆ. ಅದರ ಹೆಸರು ಐಎಸ್‌ಸಿಒ-08, ಅಂದರೆ 2008ರ ಆವೃತ್ತಿ. ಒಟ್ಟು 436 ಉದ್ಯೋಗ ಗುಂಪುಗಳಿವೆ. ತತ್ವಶಾಸ್ತ್ರಜ್ಞರು, ಇತಿಹಾಸಕಾರರು, ರಾಜ್ಯಶಾಸ್ತ್ರಜ್ಞರು ಈ ಮೂವರೂ ಸೇರಿ ಅದರಲ್ಲಿ ಒಂದೇ ಗುಂಪು; ಸಂಖ್ಯೆ 2633. ಸಮಾಜಶಾಸ್ತ್ರಜ್ಞರಿಗೂ ಮಾನವಶಾಸ್ತ್ರಜ್ಞರಿಗೂ ಸೇರಿ ಇನ್ನೊಂದು, 2632. ಅನುವಾದಕರು, ದುಭಾಷಿಗಳು, ಭಾಷಾವಿಜ್ಞಾನಿಗಳು 2643ರಲ್ಲಿ.

ಓದಿದ ವಿಷಯದ ಹೆಸರನ್ನೇ ಹೊತ್ತ ಹುದ್ದೆಗಳು ಬೆರಳೆಣಿಕೆಯಷ್ಟು. ಇತಿಹಾಸ ಓದಿದವರಲ್ಲಿ ಹೆಚ್ಚಿನವರು ಇತಿಹಾಸಕಾರರಾಗುವುದಿಲ್ಲ, ಆಗಬೇಕಾಗಿಯೂ ಇಲ್ಲ. ಅದೇ ಪಟ್ಟಿಯಲ್ಲಿ ಪತ್ರಾಗಾರಪಾಲಕರು (ಹಳೆಯ ದಾಖಲೆಗಳನ್ನು ಕಾಪಾಡುವವರು), ಪತ್ರಕರ್ತರು, ಸಾರ್ವಜನಿಕ ಸಂಪರ್ಕ ವೃತ್ತಿಯವರು, ನೀತಿ ಆಡಳಿತ ವೃತ್ತಿಯವರು, ತರಬೇತಿ ತಜ್ಞರು, ಬೋಧನಾಕ್ರಮ ತಜ್ಞರು ಎಂಬ ಗುಂಪುಗಳಿವೆ. ಮಾನವಿಕ ಪದವೀಧರರು ಸೇರಿಕೊಳ್ಳುವ ಜಾಗಗಳು ಇಂಥವು. ಹೆಸರಿನಲ್ಲಿ ಯಾವ ವಿಷಯದ ಸುಳಿವೂ ಇಲ್ಲ ನೋಡಿ.

ನೋಟ್‌ಬುಕ್ಕಿನಲ್ಲಿ ಎರಡು ಕಾಲಂ ಎಳೆಯಿರಿ. ಎಡಗಡೆ ವಿಷಯದ ಹೆಸರಿನ ಹುದ್ದೆ, ಬಲಗಡೆ ಆ ವಿಷಯದ ಕೌಶಲ ಬೇಕಾಗುವ ಹುದ್ದೆ. ಎಡಗಡೆಯದೇ ಬೇಕು ಅನ್ನಿಸಿದರೆ, ಅಂದರೆ ವಿಶ್ವವಿದ್ಯಾಲಯದಲ್ಲಿ ಪಾಠ ಮತ್ತು ಸಂಶೋಧನೆ ಮಾಡಬೇಕು ಎಂದಿದ್ದರೆ, ಅದು ಸ್ನಾತಕೋತ್ತರ, ಪಿಎಚ್‌ಡಿ, ಆಮೇಲೆ ಕಾಯಂ ಹುದ್ದೆಗಾಗಿ ಕಾಯುವಿಕೆ ಎಲ್ಲ ಸೇರಿ ಹತ್ತು ವರ್ಷ ದಾಟಬಹುದಾದ ದಾರಿ. ಬೇಡ ಎನ್ನುತ್ತಿಲ್ಲ, ಗೊತ್ತಿದ್ದು ಹೋಗಿ.

ಹಂತ 2: ಇಪ್ಪತ್ತು ಜಾಹೀರಾತು ಓದಿ, ಕ್ರಿಯಾಪದಗಳಿಗೆ ಗೆರೆ ಎಳೆಯಿರಿ

ಹುದ್ದೆಯ ಹೆಸರು, ಸಂಬಳ ಎರಡನ್ನೂ ಮರೆತು, ಆ ಮನುಷ್ಯ ದಿನವಿಡೀ ಏನು ಮಾಡುತ್ತಾನೆ ಎಂದು ಮಾತ್ರ ನೋಡಿ. ಯೂಸರ್ ರಿಸರ್ಚರ್ ಎಂಬ ಹುದ್ದೆಯ ಒಂದು ಜಾಹೀರಾತು ಹೀಗಿದೆ ಎಂದುಕೊಳ್ಳಿ: "ಬಳಕೆದಾರರ ಸಂದರ್ಶನ ಯೋಜಿಸಿ ನಡೆಸುವುದು, ಟಿಪ್ಪಣಿಗಳನ್ನು ವಿಂಗಡಿಸಿ ಮರುಕಳಿಸುವ ಸಮಸ್ಯೆಗಳನ್ನು ಗುರುತಿಸುವುದು, ಎರಡು ಪುಟದ ವರದಿ ಬರೆದು ತಂಡದ ಮುಂದೆ ಮಂಡಿಸುವುದು. ಯಾವುದೇ ಪದವಿ ಆಗಬಹುದು."

ಗೆರೆ ಎಳೆಯಬೇಕಾದವು: ಸಂದರ್ಶಿಸು, ವಿಂಗಡಿಸು, ಗುರುತಿಸು, ಬರೆ, ಮಂಡಿಸು. ಮಾನವಶಾಸ್ತ್ರದ ಕ್ಷೇತ್ರಕಾರ್ಯದ ಪತ್ರಿಕೆ ಮಾಡಿಸುವುದು ಇದನ್ನೇ. ಸಂದರ್ಶನ ಮಾಡಿ, ಅದನ್ನು ಅಕ್ಷರಕ್ಕಿಳಿಸಿ, ಮಾತಿನ ತುಣುಕುಗಳಿಗೆ ಗುರುತು ಹಾಕಿ, ಅದರಿಂದ ಒಂದು ವಾದ ಕಟ್ಟುವುದು. ಜಾಹೀರಾತಿನಲ್ಲಿ ಮಾನವಶಾಸ್ತ್ರ ಎಂಬ ಪದ ಇಲ್ಲದ್ದರಿಂದ ಆ ವಿದ್ಯಾರ್ಥಿ ಅರ್ಜಿಯನ್ನೇ ಹಾಕಿರುವುದಿಲ್ಲ!

ಇಪ್ಪತ್ತು ಜಾಹೀರಾತು ಮುಗಿಯುವ ಹೊತ್ತಿಗೆ ಹತ್ತು-ಹನ್ನೆರಡು ಕ್ರಿಯಾಪದಗಳು ಮತ್ತೆ ಮತ್ತೆ ಬಂದಿರುತ್ತವೆ. ಅವುಗಳಲ್ಲಿ ನಿಮಗೆ ಬೇಸರ ತರಿಸದ ನಾಲ್ಕನ್ನು ಆರಿಸಿ ಇಟ್ಟುಕೊಳ್ಳಿ. ಹಂತ 5ರಲ್ಲಿ ಬೇಕಾಗುತ್ತವೆ.

ಹಂತ 3: ಯಾವ ಬಾಗಿಲಿಗೆ ಬೀಗ ಇದೆ ಎಂದು ಮೊದಲೇ ನೋಡಿ

ಕೆಲವು ವೃತ್ತಿಗಳಿಗೆ ಪರವಾನಗಿ ಬೇಕು, ಇಲ್ಲವೇ ನಿರ್ದಿಷ್ಟವಾದ ಎರಡನೇ ಪದವಿ ಬೇಕು. ವಕೀಲಿಕೆ, ಶಾಲಾ ಶಿಕ್ಷಕ ವೃತ್ತಿ, ಗ್ರಂಥಾಲಯ, ಪತ್ರಾಗಾರ, ಆಪ್ತ ಸಮಾಲೋಚನೆ, ಮಾತಿನ ತೊಂದರೆಗಳ ಚಿಕಿತ್ಸೆ ಸಾಮಾನ್ಯವಾಗಿ ಈ ಗುಂಪಿಗೆ ಸೇರುತ್ತವೆ. ನಿಯಮ ಒಂದೊಂದು ದೇಶದಲ್ಲಿ ಒಂದೊಂದು ಥರ. ನೀವು ಕೆಲಸ ಮಾಡಬೇಕೆಂದಿರುವ ಜಾಗದ ನಿಯಮವನ್ನೇ ಓದಿ.

ಅತಿ ಹೆಚ್ಚು ಜನ ಎಡವುವುದು ಮನಃಶಾಸ್ತ್ರದಲ್ಲಿ. ಮೊದಲ ಪದವಿ ಮುಗಿಸಿದ ಕೂಡಲೇ ರೋಗಿಗಳನ್ನು ನೋಡಬಹುದು ಎಂದುಕೊಂಡು ಸೇರುತ್ತಾರೆ. ಚಿಕಿತ್ಸಕರಾಗಲು ಅದರ ಮೇಲೆ ಸ್ನಾತಕೋತ್ತರ ಪದವಿ, ಮೇಲ್ವಿಚಾರಣೆಯಲ್ಲಿ ಮಾಡಿದ ತರಬೇತಿ, ನೋಂದಣಿ ಎಲ್ಲ ಬೇಕಾಗುತ್ತದೆ.

ಅನುವಾದದ ಬಾಗಿಲಿಗೆ ಬೀಗಕ್ಕಿಂತ ಚಿಲಕ ಇದೆ ಎನ್ನಬಹುದು. ಅನುವಾದ ಸೇವೆಗಳ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 17100 (2015) ಅನುವಾದಕರ ಅರ್ಹತೆಗೆ ಮೂರು ದಾರಿ ಕೊಡುತ್ತದೆ: ಅನುವಾದದಲ್ಲೇ ಪದವಿ, ಇಲ್ಲವೇ ಬೇರೆ ಯಾವುದೇ ವಿಷಯದ ಪದವಿಯ ಜೊತೆ ಎರಡು ವರ್ಷದ ಪೂರ್ಣಾವಧಿ ಅನುಭವ, ಅದೂ ಇಲ್ಲದಿದ್ದರೆ ಐದು ವರ್ಷದ ಪೂರ್ಣಾವಧಿ ಅನುಭವ. ಅಂದರೆ ಸಾಹಿತ್ಯದ ಪದವಿ ಇದ್ದವರೂ ನುಗ್ಗಬಹುದು, ಆದರೆ ಆ ಎರಡು ವರ್ಷದ ಲೆಕ್ಕ ತೋರಿಸಬೇಕು. ಓದುತ್ತಿರುವಾಗಲೇ ಮಾಡಿದ ಕೆಲಸದ ದಿನಾಂಕ, ಪದಗಳ ಸಂಖ್ಯೆ, ವಿಷಯ ಇವನ್ನು ಬರೆದಿಡುವ ಅಭ್ಯಾಸ ಇರಲಿ.

ಹಂತ 4: ಪ್ರತಿ ವಿಷಯದ ಒಳಗಿನ ಕಸುಬು ಯಾವುದು?

ಇದು ಉದ್ದದ ಹಂತ. ನಿಮಗೆ ಬೇಡದ ವಿಷಯಗಳನ್ನು ದಾಟಿಕೊಂಡು ಹೋಗಿ.

ಇತಿಹಾಸದ ಒಳಗಿನ ಕಸುಬು ಆಧಾರಗಳ ತನಿಖೆ. ಈ ಕಾಗದವನ್ನು ಯಾರು, ಯಾವಾಗ, ಯಾರಿಗೆ ಬರೆದರು. ಬರೆದವನಿಗೆ ಸುಳ್ಳು ಹೇಳಲು ಕಾರಣ ಇತ್ತೇ. ಇದಕ್ಕೆ ವಿರುದ್ಧವಾದ ಇನ್ನೊಂದು ಕಾಗದ ಎಲ್ಲಿದೆ? ಕಂಪನಿಗಳ ಹಿನ್ನೆಲೆ ಪರಿಶೀಲನೆ, ಸುದ್ದಿಯ ಸತ್ಯಾಸತ್ಯ ಪರೀಕ್ಷೆ, ಕಾನೂನು ಸಂಶೋಧನೆ, ಸಾಕ್ಷ್ಯಚಿತ್ರ, ವಸ್ತುಸಂಗ್ರಹಾಲಯ ಎಲ್ಲದರಲ್ಲೂ ಬೇಕಾಗುವುದು ಇದೇ ಅನುಮಾನದ ಬುದ್ಧಿ. ಜೊತೆಗೆ ನಕ್ಷೆ ತಯಾರಿಸುವ ಕ್ಯೂಜಿಐಎಸ್‌ನಂಥ ಉಚಿತ ತಂತ್ರಾಂಶ ಕಲಿತರೆ ಪರಂಪರೆ ಸಂರಕ್ಷಣೆ, ನಗರ ಯೋಜನೆಯ ಕಡೆಗೂ ದಾರಿ ತೆರೆಯುತ್ತದೆ.

ಭಾಷಾವಿಜ್ಞಾನವನ್ನು ಜನ ಬಹುಭಾಷಾ ಪಾಂಡಿತ್ಯ ಎಂದು ತಪ್ಪು ತಿಳಿಯುತ್ತಾರೆ. ಅದು ಭಾಷೆಯನ್ನು ಬಿಚ್ಚಿ ನೋಡುವ ವಿದ್ಯೆ. "ಹೋಗಬೇಕಾಗಿತ್ತಂತೆ" ಎಂಬ ಒಂದೇ ಪದವನ್ನು ತೆಗೆದುಕೊಳ್ಳಿ. ಹೋಗು, ಬೇಕು, ಆಗು, ಇತ್ತು, ಅಂತೆ ಎಲ್ಲ ಅದರೊಳಗೆ ಕೂತಿವೆ. ಕೊನೆಯ "ಅಂತೆ" ಇದು ಕೇಳಿದ ಸುದ್ದಿ ಎಂದೂ ಹೇಳುತ್ತದೆ. ಕಂಪ್ಯೂಟರಿಗೆ ಇದನ್ನು ಎಲ್ಲಿ ಕತ್ತರಿಸಬೇಕು ಎಂದು ಯಾರಾದರೂ ನಿಯಮ ಬರೆಯಬೇಕು, ಇಲ್ಲವೇ ಅದು ಮಾಡಿದ ತಪ್ಪನ್ನು ಗುರುತಿಸಬೇಕು. ಧ್ವನಿ ಗುರುತಿಸುವ ತಂತ್ರಾಂಶ, ನಿಘಂಟು, ಹುಡುಕಾಟ, ಅನುವಾದ ಯಂತ್ರಗಳ ತಂಡಗಳಲ್ಲಿ ಈ ಕೆಲಸ ಇದೆ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಗೊತ್ತಿದ್ದರೆ ಮಾತ್ರ ಒಳ್ಳೆಯ ಜಾಗ ಸಿಗುತ್ತದೆ ಎಂಬುದನ್ನೂ ಹೇಳಿಬಿಡುತ್ತೇನೆ. ಧ್ವನಿ ವಿಶ್ಲೇಷಣೆಗೆ ಪ್ರಾಟ್ ಎಂಬ ಉಚಿತ ತಂತ್ರಾಂಶ ಇದೆ. ನಿಮ್ಮದೇ ದನಿಯನ್ನು ಅದರಲ್ಲಿ ಹಾಕಿ ಒಂದು ಸಂಜೆ ಆಡಿ ನೋಡಿ. ಬೇಸರ ಬಂದರೆ ಈ ವಿಷಯ ನಿಮ್ಮದಲ್ಲ.

ತತ್ವಶಾಸ್ತ್ರದ ಕಸುಬು ವಾದವನ್ನು ಬಿಡಿಸಿ ಯಾವ ಮೆಟ್ಟಿಲು ಪೊಳ್ಳು ಎಂದು ತೋರಿಸುವುದು. ಕಾನೂನು ಓದುವವರಿಗೆ ಇದಕ್ಕಿಂತ ಒಳ್ಳೆಯ ಬುನಾದಿ ನನಗೆ ಕಂಡಿಲ್ಲ. ಆದರೆ ಒಂಟಿಯಾಗಿ ಇದು ಮಾರುಕಟ್ಟೆಯಲ್ಲಿ ಬೇಗ ಅರ್ಥವಾಗುವ ಸರಕಲ್ಲ, ಜೊತೆಗೊಂದು ಬೇಕು. ಆಕ್ಸ್‌ಫರ್ಡ್‌ನಲ್ಲಿ 1920ರ ದಶಕದಿಂದಲೇ ತತ್ವಶಾಸ್ತ್ರ, ರಾಜ್ಯಶಾಸ್ತ್ರ, ಅರ್ಥಶಾಸ್ತ್ರ ಮೂರನ್ನೂ ಕೂಡಿಸಿ ಪಿಪಿಇ ಎಂಬ ಪದವಿ ಕೊಡುತ್ತಾ ಬಂದಿದ್ದಾರೆ. ಅಂಥ ಜೋಡಿಯನ್ನು ನೀವೂ ಕಟ್ಟಿಕೊಳ್ಳಬಹುದು.

ವಿದೇಶಿ ಭಾಷೆಯ ಮೇಜರ್ ಎಂದರೆ ಗಂಟೆಗಳ ಲೆಕ್ಕ. ಅಮೆರಿಕದ ರಾಜತಾಂತ್ರಿಕರಿಗೆ ಭಾಷೆ ಕಲಿಸುವ ಫಾರಿನ್ ಸರ್ವಿಸ್ ಇನ್‌ಸ್ಟಿಟ್ಯೂಟ್, ಇಂಗ್ಲಿಷ್ ಮಾತೃಭಾಷೆಯವರು ಫ್ರೆಂಚ್ ಅಥವಾ ಸ್ಪ್ಯಾನಿಷ್‌ನಲ್ಲಿ ವೃತ್ತಿಪರ ಮಟ್ಟ ಮುಟ್ಟಲು ಸುಮಾರು 600ರಿಂದ 750 ತರಗತಿ ಗಂಟೆ, ಜಪಾನಿ, ಚೀನಿ, ಕೊರಿಯನ್, ಅರಬ್ಬಿಗೆ ಸುಮಾರು 2,200 ಗಂಟೆ ಬೇಕೆಂದು ಅಂದಾಜಿಸಿದೆ. (ಜಪಾನಿಯಲ್ಲೂ ಕ್ರಿಯಾಪದ ವಾಕ್ಯದ ಕೊನೆಗೇ ಬರುವುದರಿಂದ ಕನ್ನಡಿಗರಿಗೆ ವಾಕ್ಯರಚನೆ ಅಷ್ಟು ವಿಚಿತ್ರ ಅನ್ನಿಸದು. ಆದರೆ ದಿನಬಳಕೆಗೆಂದು ನಿಗದಿಪಡಿಸಿರುವ 2,136 ಕಾಂಜಿ, ಅಂದರೆ ಚೀನಿ ಮೂಲದ, ಅಕ್ಷರಗಳಿಗೆ ಅಡ್ಡದಾರಿಯಿಲ್ಲ.) ಪಠ್ಯಕ್ರಮದ ತರಗತಿ ಗಂಟೆಗಳನ್ನು ಕೂಡಿ ನೋಡಿ. 500ಕ್ಕೇ ಮುಗಿದರೆ, ಉಳಿದದ್ದು ನಿಮ್ಮ ಸ್ವಂತ ಹೊಣೆ. ಉದ್ಯೋಗದಾತರು ಪದವಿಯ ಹೆಸರಿಗಿಂತ ಮಟ್ಟ ಕೇಳುತ್ತಾರೆ. ಯುರೋಪಿನ ಭಾಷೆಗಳಿಗೆ ಎ1ರಿಂದ ಸಿ2ರವರೆಗೆ ಆರು ಮಟ್ಟ, ಸಿ2 ಅತಿ ಮೇಲಿನದು. ಕಚೇರಿ ಕೆಲಸಕ್ಕೆ ಬಿ2ಗಿಂತ ಕೆಳಗಿದ್ದರೆ ಕಷ್ಟ. ಜಪಾನಿಗೆ ಎನ್5ರಿಂದ ಎನ್1. ಎನ್1 ಅತಿ ಮೇಲಿನದು.

ಸಾಹಿತ್ಯ ಓದಿದವರು ಸಂಪಾದನೆ, ಪ್ರಕಾಶನ, ಜಾಹೀರಾತು ಬರಹ, ಉಪಶೀರ್ಷಿಕೆ, ಬೋಧನೆಗೆ ಹೋಗುತ್ತಾರೆ. ಇಲ್ಲಿ ಅಪಾಯ ಬರೀ ಓದುಗರಾಗಿ ಉಳಿಯುವುದು. ಬೇರೆಯವರ ಬರಹ ತಿದ್ದಿದ, ನಿಮ್ಮ ಬರಹವನ್ನು ಬೇರೆಯವರು ತಿದ್ದಿದ ಅನುಭವ ಪದವಿಯೊಳಗೇ ಆಗಬೇಕು.

ಮಾನವಶಾಸ್ತ್ರದ ಬಗ್ಗೆ ಹಂತ 2ರಲ್ಲಿ ಹೇಳಿದ್ದೇನೆ. ಸಮಾಜಶಾಸ್ತ್ರ ಆರಿಸುವವರು ಅಂಕಿಅಂಶದ ಪತ್ರಿಕೆಗಳನ್ನು ತಪ್ಪಿಸಿಕೊಳ್ಳಬೇಡಿ, ಅಲ್ಲೇ ಕೆಲಸ ಇರುವುದು. ಕಲಾ ಇತಿಹಾಸ ಚಂದದ ವಿಷಯ, ಹುದ್ದೆಗಳು ಕಡಿಮೆ. ಎರಡನೇ ಪದವಿಗೆ ಸಿದ್ಧರಿದ್ದರೆ ಮಾತ್ರ.

ಎಚ್ಚರಿಕೆ. ಆರಂಭದ ಹಂತದ ಅನುವಾದ ಮತ್ತು ಜಾಹೀರಾತು ಬರಹದ ಒಂದು ಪಾಲನ್ನು ಈಗ ಯಂತ್ರವೇ ಮಾಡುತ್ತಿದೆ. ಯಂತ್ರದ ಅನುವಾದ ತಿದ್ದುವ ಕೆಲಸಕ್ಕೆ 2017ರಲ್ಲೇ ಐಎಸ್‌ಒ 18587 ಎಂಬ ಪ್ರತ್ಯೇಕ ಮಾನದಂಡ ಬಂದಿತ್ತು. ಈ ದಾರಿ ಹಿಡಿಯುವವರು ಭಾಷೆಯ ಜೊತೆ ಕಾನೂನು, ವೈದ್ಯಕೀಯ, ಹಣಕಾಸು ಇಂಥ ಒಂದು ಕ್ಷೇತ್ರವನ್ನು ಗಟ್ಟಿಯಾಗಿ ಹಿಡಿಯಲೇಬೇಕು. ತಪ್ಪಾದರೆ ಯಾರಿಗೋ ನಷ್ಟವಾಗುವ ಕಡೆ ಮನುಷ್ಯರಿಗೆ ಬೆಲೆ ಉಳಿದಿದೆ.

ಹಂತ 5: ಪಠ್ಯಕ್ರಮದಲ್ಲಿ ಅಂಕ ಯಾವುದಕ್ಕೆ ಎಂದು ಎಣಿಸಿ

ಎರಡು ಕಡೆ ಇತಿಹಾಸ ವಿಭಾಗ ಇದೆ ಎಂದುಕೊಳ್ಳಿ. ಮೊದಲನೆಯದರಲ್ಲಿ ಎಲ್ಲ ಪತ್ರಿಕೆಗೂ ವರ್ಷದ ಕೊನೆಗೆ ಮೂರು ಗಂಟೆಯ ಪರೀಕ್ಷೆ. ಎರಡನೆಯದರಲ್ಲಿ ಅರ್ಧದಷ್ಟು ಅಂಕ ಪ್ರಬಂಧಗಳಿಗೆ, ಒಂದು ಪತ್ರಿಕೆ ಪೂರ್ತಿ ಪತ್ರಾಗಾರದ ಪ್ರಾಜೆಕ್ಟ್, ಕೊನೆಯ ವರ್ಷ 8,000 ಪದದ ಸ್ವತಂತ್ರ ಸಂಶೋಧನೆ. ಎರಡೂ ಕಡೆ ಸಿಗುವ ಪದವಿ ಪತ್ರದಲ್ಲಿ ಒಂದೇ ಪದ ಅಚ್ಚಾಗಿರುತ್ತದೆ. ಆದರೆ ಸಂದರ್ಶನದಲ್ಲಿ "ನೀವೇ ಮಾಡಿದ ಒಂದು ಕೆಲಸ ತೋರಿಸಿ" ಎಂದರೆ ಮೊದಲನೆಯವನ ಕೈ ಖಾಲಿ.

ಪಠ್ಯಕ್ರಮ ಮುಂದಿಟ್ಟುಕೊಂಡು ಇವನ್ನು ಬರೆದುಕೊಳ್ಳಿ: ಒಟ್ಟು ಕ್ರೆಡಿಟ್‌ಗಳಲ್ಲಿ ಬರಹ ಮತ್ತು ಪ್ರಾಜೆಕ್ಟ್‌ಗೆ ಎಷ್ಟು? ಸಂಶೋಧನಾ ವಿಧಾನದ ಪತ್ರಿಕೆ ಯಾವ ವರ್ಷ ಬರುತ್ತದೆ? (ಕೊನೆಯ ವರ್ಷ ಬಂದರೆ ತಡವಾಯಿತು.) ಇಂಟರ್ನ್‌ಶಿಪ್, ಅಂದರೆ ಓದುವಾಗಲೇ ಸಂಸ್ಥೆಯೊಂದರಲ್ಲಿ ಮಾಡುವ ಅಲ್ಪಾವಧಿ ಕೆಲಸ, ಕ್ರೆಡಿಟ್‌ಗೆ ಲೆಕ್ಕವಾಗುತ್ತದೆಯೇ? ಬೇರೆ ವಿಭಾಗದ ಎಲೆಕ್ಟಿವ್ ತೆಗೆದುಕೊಳ್ಳಲು ನಿಜಕ್ಕೂ ಬಿಡುತ್ತಾರೆಯೇ, ಅಥವಾ ವೇಳಾಪಟ್ಟಿಯಲ್ಲಿ ಎರಡೂ ಒಂದೇ ಹೊತ್ತಿಗೆ ಬೀಳುತ್ತವೆಯೇ? ಆಮೇಲೆ ಹಂತ 2ರ ನಾಲ್ಕು ಕ್ರಿಯಾಪದಗಳನ್ನು ಪತ್ರಿಕೆಗಳ ಎದುರು ಬರೆಯಿರಿ. ಎರಡಕ್ಕಾದರೂ ಜಾಗ ಸಿಗದಿದ್ದರೆ ಆ ವಿಭಾಗ ಬಿಡಿ, ವಿಷಯವನ್ನು ಬಿಡಬೇಕಿಲ್ಲ.

ಎಚ್ಚರಿಕೆ. ಒಬ್ಬ ಮೇಷ್ಟ್ರನ್ನು ನೋಡಿ ವಿಷಯ ಆರಿಸಬೇಡಿ. ನಾನು ಹಾಗೇ ಮಾಡಿದ್ದೆ. ಎರಡನೇ ವರ್ಷಕ್ಕೆ ಅವರು ಬೇರೆಡೆ ಹೋದರು, ನಾನು ಅಲ್ಲೇ ಉಳಿದೆ.

ಹಂತ 6: ಮೈನರ್ ಒಂದೇ ಇರಲಿ, ಮೇಜರ್‌ಗೆ ತಾಗುವಂತಿರಲಿ

ಮೇಜರ್‌ನ ಸಾಮಗ್ರಿಯ ಮೇಲೆ ಮೈನರ್‌ನ ಉಪಕರಣ ಓಡಬೇಕು. ಇತಿಹಾಸದ ಜೊತೆ ಅಂಕಿಅಂಶ ಓದಿದವರು ಹಳೆಯ ಜನಗಣತಿಯ ಕೋಷ್ಟಕಗಳನ್ನು ಬಿಡಿಸಬಲ್ಲರು. ಸಾಹಿತ್ಯದ ಜೊತೆ ಪ್ರೋಗ್ರಾಮಿಂಗ್ ಕಲಿತವರು ಹಳೆಯ ಪಠ್ಯಗಳನ್ನು ಡಿಜಿಟಲ್ ಆವೃತ್ತಿ ಮಾಡಬಲ್ಲರು. ಪಠ್ಯಕ್ಕೆ ಗುರುತು ಹಾಕುವ ಟಿಇಐ ಎಂಬ ಪದ್ಧತಿ 1987ರಿಂದ ಬೆಳೆಯುತ್ತಾ ಬಂದಿದೆ, ಗ್ರಂಥಾಲಯಗಳೂ ಸಂಶೋಧನಾ ಯೋಜನೆಗಳೂ ಅದನ್ನು ಬಳಸುತ್ತವೆ. ಹೀಗೆ ತಾಗದ ಐದು ಆನ್‌ಲೈನ್ ಸರ್ಟಿಫಿಕೇಟ್‌ಗಳಿಗಿಂತ ತಾಗುವ ಒಂದು ಮೈನರ್ ಮೇಲು. ಸರ್ಟಿಫಿಕೇಟ್ ಸಂಗ್ರಹಿಸುವುದು ಒಂದು ಚಟ, ಓದುತ್ತಿದ್ದೇನೆ ಎಂಬ ಸಮಾಧಾನ ಕೊಡುತ್ತದೆ ಅಷ್ಟೆ.

ಹಂತ 7: ಸೇರುವ ಮುಂಚೆ ಎರಡು ವಾರ ಆ ಕೆಲಸ ಮಾಡಿ ನೋಡಿ

ಮೊದಲ ವಾರ ಆ ವಿಷಯದ ಒಂದು ವಿದ್ವತ್ ಲೇಖನ (ಜನಪ್ರಿಯ ಪುಸ್ತಕ ಬೇಡ) ಓದಿ, ಅದರ ವಾದವನ್ನು ಒಂದು ಪುಟದಲ್ಲಿ ಬರೆಯಿರಿ. ಎರಡನೇ ವಾರ ಆ ವಿಷಯದ ಕೂಲಿ ಕೆಲಸ ಮಾಡಿ. ಮಾನವಶಾಸ್ತ್ರವಾದರೆ ಹಿರಿಯರೊಬ್ಬರನ್ನು ಒಪ್ಪಿಗೆ ಪಡೆದು ಒಂದು ಗಂಟೆ ಮಾತಾಡಿಸಿ, ರೆಕಾರ್ಡ್ ಮಾಡಿ, ಕೈಯಾರೆ ಅಕ್ಷರಕ್ಕಿಳಿಸಿ. ಒಂದು ಗಂಟೆಯ ಮಾತಿಗೆ ನಾಲ್ಕು ಗಂಟೆಗೂ ಮೇಲೆ ಹಿಡಿಯುತ್ತದೆ. ಮೂರನೇ ಗಂಟೆಯಲ್ಲಿ ನಿಮಗೆ ಏನನ್ನಿಸಿತು? ಅವರು ತಡವರಿಸಿದ ಜಾಗದಲ್ಲಿ ನಿಲ್ಲಿಸಿ, ಹಿಂದಕ್ಕೆ ಓಡಿಸಿ, ಯಾಕೆ ತಡವರಿಸಿದರು ಎಂದು ಯೋಚಿಸಿದ್ದರೆ ಸೇರಿಕೊಳ್ಳಿ. ಗಡಿಯಾರ ನೋಡುತ್ತಿದ್ದರೆ ಇನ್ನೊಂದು ವಿಷಯದ ಪರೀಕ್ಷೆಗೆ ಹೋಗಿ.

ಹಂತ 8: ಹಣದ ಲೆಕ್ಕ

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬುದು ಇಲ್ಲಿ ಅಕ್ಷರಶಃ ಸರಿ. ಪೂರ್ತಿ ಶುಲ್ಕ, ವಾಸದ ಖರ್ಚು, ಹಂತ 3ರಲ್ಲಿ ಕಂಡ ಎರಡನೇ ಪದವಿಯ ಖರ್ಚು, ಅಷ್ಟು ವರ್ಷ ದುಡಿಯದೆ ಹೋದ ಆದಾಯ ಎಲ್ಲವನ್ನೂ ಕೂಡಿ. ಮಾನವಿಕ ಪದವೀಧರರ ಮೊದಲ ಸಂಬಳ ಸಾಮಾನ್ಯವಾಗಿ ಎಂಜಿನಿಯರ್‌ಗಳದಕ್ಕಿಂತ ಕಡಿಮೆ. ಹಾಗಾಗಿ ನನ್ನ ಅಭಿಪ್ರಾಯ ಖಡಕ್ಕಾಗಿಯೇ ಇದೆ: ದೊಡ್ಡ ಸಾಲ ಮಾಡಿ ಹೆಸರುವಾಸಿ ಕಡೆ ಓದುವುದಕ್ಕಿಂತ, ಹಂತ 5ರಲ್ಲಿ ಪಾಸಾದ, ಸಾಲ ಬೇಡದ ಕಡೆ ಓದಿ, ಉಳಿದ ದುಡ್ಡನ್ನು ಎರಡನೇ ಪದವಿಗೆ ಇಟ್ಟುಕೊಳ್ಳಿ.

ಹಂತ 9: ಓದಿ ಹೊರಬಿದ್ದವರನ್ನು ಮಾತಾಡಿಸಿ

ಮೂರರಿಂದ ಏಳು ವರ್ಷದ ಹಿಂದೆ ಪದವಿ ಮುಗಿಸಿದ ನಾಲ್ವರು ಸಾಕು. ಅದಕ್ಕಿಂತ ಹಳಬರ ಕಾಲದ ಮಾರುಕಟ್ಟೆ ಬೇರೆ. ವಿಭಾಗದವರು ಕರಪತ್ರದಲ್ಲಿ ಫೋಟೊ ಹಾಕಿ ತೋರಿಸುವವರನ್ನು ಬಿಡಿ, ಅವರು ಬೇರೆ ಏನು ಓದಿದ್ದರೂ ಗೆಲ್ಲುತ್ತಿದ್ದರೇನೋ. "ವಿಷಯ ಹೇಗಿದೆ?" ಎಂದು ಕೇಳಿದರೆ "ಚೆನ್ನಾಗಿದೆ" ಎನ್ನುತ್ತಾರೆ. "ಮೊದಲ ಕೆಲಸ ಸಿಗಲು ಎಷ್ಟು ತಿಂಗಳು ಹಿಡಿಯಿತು? ಸಂದರ್ಶನದಲ್ಲಿ ಏನು ತೋರಿಸಿದಿರಿ? ನಿಮ್ಮ ತರಗತಿಯ ಕೊನೆಯ ಬೆಂಚಿನವರು ಈಗ ಎಲ್ಲಿದ್ದಾರೆ?" ಎಂದು ಕೇಳಿ. ಮೂರನೆಯ ಪ್ರಶ್ನೆಗೆ ಬರುವ ಉತ್ತರವೇ ವಿಭಾಗದ ನಿಜವಾದ ಅಂಕಪಟ್ಟಿ.

ಹಂತ 10: ಈಗಾಗಲೇ ಸೇರಿಬಿಟ್ಟಿದ್ದರೆ

ತಪ್ಪು ಮೇಜರ್‌ನಲ್ಲಿದ್ದೇನೆ ಎಂಬ ಅನುಮಾನ ಬಂದವರು ಮೊದಲು ನಿಯಮಾವಳಿಯಲ್ಲಿ ಎರಡು ವಿಷಯ ಹುಡುಕಿ: ಮೇಜರ್ ಬದಲಿಸಲು ಕೊನೆಯ ದಿನಾಂಕ ಯಾವುದು, ಈವರೆಗಿನ ಕ್ರೆಡಿಟ್‌ಗಳಲ್ಲಿ ಎಷ್ಟು ಹೊಸ ಮೇಜರ್‌ಗೆ ಲೆಕ್ಕವಾಗುತ್ತವೆ. ಬಾಯಿಮಾತಿನ ಭರವಸೆ ನಂಬಬೇಡಿ, ಉತ್ತರ ಬರಹದಲ್ಲಿ ಬರಲಿ. ಮುಕ್ಕಾಲು ಪಾಲು ಕ್ರೆಡಿಟ್ ಉಳಿಯುವುದಾದರೆ ಬದಲಿಸಿ. ಅರ್ಧಕ್ಕರ್ಧ ಹೋಗುವುದಾದರೆ ಇದ್ದ ಮೇಜರ್ ಮುಗಿಸಿ, ಬೇಕಾದ ವಿಷಯವನ್ನು ಮೈನರ್‌ಗೆ ಇಲ್ಲವೇ ಕೊನೆಯ ವರ್ಷದ ಸಂಶೋಧನೆಗೆ ತನ್ನಿ. ರಾಜ್ಯಶಾಸ್ತ್ರದಲ್ಲಿ ಸಿಕ್ಕಿಕೊಂಡ ಭಾಷಾಪ್ರೇಮಿ, ಚುನಾವಣಾ ಭಾಷಣಗಳ ಭಾಷೆಯ ಮೇಲೆಯೇ ಸಂಶೋಧನೆ ಬರೆಯಬಹುದು. ಪ್ರಾಧ್ಯಾಪಕರ ಬಳಿ ಹೋಗುವಾಗ "ಆಸಕ್ತಿ ಇದೆ ಸರ್" ಎಂದು ಬರಿಗೈಯಲ್ಲಿ ಹೋಗಬೇಡಿ. ಹತ್ತು ಭಾಷಣಗಳ ಪಠ್ಯ, ಕೇಳಬೇಕೆಂದಿರುವ ಒಂದೇ ಒಂದು ಪ್ರಶ್ನೆ, ಅರ್ಧ ಪುಟದ ಯೋಜನೆ ಇವಿಷ್ಟನ್ನು ಮೇಜಿನ ಮೇಲಿಟ್ಟು ಮಾತು ಶುರುಮಾಡಿ.